ಮಬ್ಬಾದ ಕೊಳವೆಗಳು

ರೋದೆಲ್ ಕಟ್ಟಿದ ಕಂಪ್ಯೂಟರಿನ ಕೊಳವೆಗಳು ಮಬ್ಬಾಗಿದ್ದನ್ನು ಮೊದಲು ಕಂಡವರು ಅತ್ತೆ. ಆ ಮೆತ್ತನೆಯ ಕೊಳವೆಗಳಲ್ಲಿ ನೀರು ಹರಿದು ಯಂತ್ರವನ್ನು ತಂಪಾಗಿಡುತ್ತದೆ. ಗಾಜಿನಂತೆ ತಿಳಿಯಾಗಿದ್ದ ಅವು ಈಗ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದವು.

ನನ್ನ ಗಂಡ ರೋದೆಲ್ ತೀರಿಹೋದ ಮೇಲೆ ಮರಿಕಿನಾ ಊರಿನ ಈ ಮನೆಯಲ್ಲಿ ಅವನ ಕೈಕೆಲಸವೆಂದು ಉಳಿದದ್ದು ಅದೊಂದೇ. ಕಟ್ಟಡಗಳ ನಕ್ಷೆ ಬರೆಯುವ ನನ್ನ ಉದ್ಯೋಗ ನಡೆಯುವುದೂ ಅದರಲ್ಲೇ.

ಶನಿವಾರ ಅತ್ತೆ ಊಟ ಬಿಟ್ಟರು. ಒತ್ತಾಯಿಸಿ ಕೇಳಿದ ಮೇಲೆ ಬಾಯಿಬಿಟ್ಟರು.

"ನೀರು ಕಮ್ಮಿಯಾಗಿತ್ತು ಕಣೇ. ಚರ್ಚಿಂದ ತಂದ ತೀರ್ಥ ಸ್ವಲ್ಪ ಹಾಕ್ದೆ. ನನ್ನ ಮಗಂದು ಅಂತ ಇದ್ದಿದ್ದನ್ನ ನಾನೇ ಹಾಳ್ಮಾಡ್ದೆ."

ಡಿಂಡೋಗೆ ಫೋನ್ ಮಾಡಿದೆ. ಅವನೂ ರೋದೆಲನೂ ಸೇರಿಯೇ ಇಂಥ ಯಂತ್ರಗಳನ್ನು ಕಟ್ಟುತ್ತಿದ್ದರು.

ಭಾನುವಾರ ಚರ್ಚು ಮುಗಿಸಿ ಹೊಸ ಕೊಳವೆ ಹಿಡಿದು ಬಂದ. ಗೆಳೆಯನ ತಾಯಿಯನ್ನು ಅವನೂ ನಾನಾಯ್, ಅಂದರೆ ಅಮ್ಮ, ಎಂದೇ ಕರೆಯುತ್ತಾನೆ.

"ಏನ್ ನಾನಾಯ್, ಕಂಪ್ಯೂಟರಿಗೂ ದೀಕ್ಷಾಸ್ನಾನ ಮಾಡಿಸ್ಬಿಟ್ರಂತೆ? ಹೆಸರೇನಿಟ್ರಿ?"

"ಸುಮ್ನಿರೋ ಕತ್ತೆ. ಉಳಿಯತ್ತಾ ಹೇಳು."

ಅವನು ನೀರನ್ನೆಲ್ಲ ಗಾಜಿನ ಹೂಜಿಗೆ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದ. ತಿಳಿಯಾಗಿತ್ತು. ಖಾಲಿ ಕೊಳವೆಗಳು ಮಾತ್ರ ಹಾಗೇ ಮಬ್ಬಾಗಿದ್ದವು.

"ನೋಡಿ, ಮಬ್ಬಾಗಿರೋದು ನೀರಲ್ಲ, ಕೊಳವೆ. ಮೆತ್ತಗಿರ್ಲಿ ಅಂತ ಪ್ಲಾಸ್ಟಿಕ್ಕಿಗೆ ಎಣ್ಣೆ ಥರದ್ದೇನೋ ಸೇರಿಸಿರ್ತಾರೆ. ಬಿಸಿಗೆ ಅದು ಮೆಲ್ಲಗೆ ಹೊರಗ್ ಬರತ್ತೆ. ಯಾರೂ ಏನೂ ಹಾಕ್ದಿದ್ರೂ ಹೀಗಾಗೋದೇ. ರೋದೆಲ್ ಇದ್ದಿದ್ರೂ ಈಗ ಬದಲಾಯಿಸ್ಲೇಬೇಕಿತ್ತು."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ಸಮಾಧಾನಕ್ಕಾಗಿದ್ರೆ ಇದನ್ನ ಹೇಳ್ತಿರ್ಲಿಲ್ಲ. ತೀರ್ಥಕ್ಕೆ ಉಪ್ಪು ಸೇರಿಸಿರ್ತಾರೆ, ಅದು ಯಂತ್ರದೊಳಗಿನ ತಾಮ್ರಾನ ತಿನ್ನತ್ತೆ. ಈ ಸಲ ತೊಳೆದ್ರೆ ಸಾಕು. ಇನ್ನೊಂದ್ಸಲ ಹಾಕಿದ್ರೆ ನಿಮ್ಮ ಪಾದ್ರಿಗೇ ಚಾಡಿ ಹೇಳ್ತೀನಿ."

ಅತ್ತೆ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು.

ಡಿಂಡೋ ಕತ್ತರಿ ಎತ್ತಿಕೊಂಡು ನನ್ನ ಕಡೆ ನೋಡಿದ. "ಅಕ್ಕಾ, ಹಳೇದನ್ನ ತೆಗೀಲಾ?"

ಅವು ರೋದೆಲ್ ಅಳೆದು ಕೂಡಿಸಿದ ಕೊಳವೆಗಳು. ತೆಗಿ ಎಂದೆ.

ಹೊಸವು ಕೂತ ಮೇಲೆ ಅವನು ಹೂಜಿ ಹಿಡಿದು ಬಚ್ಚಲಿಗೆ ಹೊರಟ. ಅತ್ತೆ ಓಡಿಹೋಗಿ ಅಡ್ಡ ನಿಂತರು.

"ಮೋರಿಗಾ? ತೀರ್ಥ ಸೇರಿದೆ ಕಣೋ ಅದರಲ್ಲಿ! ಮಣ್ಣಿಗೇ ಹಾಕ್ಬೇಕು."

ಮೂವರೂ ಹಿತ್ತಲಿಗೆ ಹೋದೆವು. ಗೋಡೆಯ ಬುಡದ ಬರಿಮಣ್ಣಿಗೆ ಅತ್ತೆ ನಿಧಾನವಾಗಿ ನೀರು ಸುರಿದರು. ಡಿಂಡೋ ಟೋಪಿ ತೆಗೆದ. ಮಣ್ಣು ಹೀರಿಕೊಳ್ಳುವವರೆಗೆ ಅಲ್ಲೇ ನಿಂತಿದ್ದೆವು.

"ಅನ್ನ ಆರಿಹೋಗತ್ತೆ, ಬನ್ನಿ," ಎಂದು ಅತ್ತೆಯೇ ಮೊದಲು ಒಳಗೆ ನಡೆದರು. ತಾವೇ ತಟ್ಟೆ ಎಳೆದುಕೊಂಡು ಕೂತರು. ಒಂದು ಸಲ ಬಡಿಸಿದ್ದು ಸಾಲದೆ ಮತ್ತೆ ಕೇಳಿದರು.

ಬಾಂಗುಸ್ ಮೀನಿನ ಹೊಟ್ಟೆಯ ತುಂಡನ್ನು ನಾನು ಡಿಂಡೋನ ತಟ್ಟೆಗೆ ಹಾಕಿದೆ. ರೋದೆಲ್ ಯಾರಿಗೂ ಬಿಟ್ಟುಕೊಡದಿದ್ದ ತುಂಡು ಅದು.