ಗೂಡಿನಲ್ಲಿಟ್ಟ ಮೀನೆಣ್ಣೆ

"ಈ ಹೊಸಿಲು ದಾಟಿ ಮೀನು ಮಾಂಸದ ವಾಸ್ನೆ ಒಳಕ್ಕೆ ಬರಬಾರದು ಕಣಮ್ಮ. ನನ್ನ ಲಿಂಗ ಮುಟ್ಟಿ ಹೇಳು" ಅಂದಿದ್ದರು ಅತ್ತೆ ಗುರುಶಾಂತಮ್ಮ, ಸಾಯುವ ಹಿಂದಿನ ದಿನ. ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರದ ದ್ರಾಕ್ಷಾಯಣಮ್ಮ ಮುಟ್ಟಿ ಹೇಳಿದ್ದಳು. ಅದೇನು ದೊಡ್ಡ ಮಾತು ಅಂತ ಅವಳಿಗೆ ಅನ್ನಿಸಲೇ ಇಲ್ಲ. ಒಣಮೀನಿನ ಬುಟ್ಟಿ ಬೀದಿಯಲ್ಲಿ ಹೋದರೂ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವವಳು ಅವಳು.

ಯುದ್ಧದ ಕಾಲ. ಮಗಳು ಚನ್ನಿಗೆ ನಾಲ್ಕು ತುಂಬಿತ್ತು, ದಡಾರ ಬಂತು. ಪಥ್ಯ ಅಂತ ಸೊಪ್ಪು, ತುಪ್ಪ, ಹಣ್ಣು ಎಲ್ಲ ಬಿಡಿಸಿ ಬರೀ ಗಂಜಿ ಕುಡಿಸಿದರು. ದಡಾರ ಹೋಯಿತು, ಪಥ್ಯ ಹೋಗಲಿಲ್ಲ. ಗಂಡ ಮರುಳಸಿದ್ದಪ್ಪನ ಸೋದರತ್ತೆ ಪಾಪಕ್ಕ ಆ ಮನೆಯಲ್ಲೇ ಇದ್ದಳು. "ಇನ್ನೊಂದೀಟು ದಿನ ಇರ್ಲಿ, ತಿರುಗಿಕೊಂಡ್ರೆ ಕಷ್ಟ" ಅನ್ನುತ್ತ ತಿಂಗಳುಗಟ್ಟಲೆ ತಳ್ಳಿದಳು.

ಆಮೇಲೆ ಹೊತ್ತು ಮುಳುಗಿತೆಂದರೆ ಮಗು ಗೋಡೆ ತಡವತೊಡಗಿತು. ತಟ್ಟೆ ಮುಂದಿದ್ದರೂ ನೆಲದ ಮೇಲೆ ಕೈಯಾಡಿಸುತ್ತಿತ್ತು. ಹಟಮಾರಿ ಅಂತ ಎಲ್ಲರೂ ಗದರಿದರು. ಒಂದು ಬೆಳಿಗ್ಗೆ ಮುಖ ತೊಳೆಸುವಾಗ ದ್ರಾಕ್ಷಾಯಣಮ್ಮನಿಗೆ ಕಂಡಿತು: ಕಣ್ಣಿನ ಬಿಳಿಯ ಮೇಲೆ ಸೀಗೆಕಾಯಿ ನೊರೆ ಒಣಗಿ ಅಂಟಿದಂಥ ಕಲೆ. ಒರೆಸಿದರೂ ಮತ್ತೆ ಮೂಡುತ್ತಿತ್ತು.

"ಪಾರಿವಾಳದ ಹಿಕ್ಕೆ ತಂದು ಎದೆಹಾಲಲ್ಲಿ ತೇದು ಕಣ್ಣಿಗೆ ಬಿಡ್ರಿ, ನಮ್ಮ ಕಾಲ್ದಾಗೆ ಅದೇ ಮದ್ದು" ಅಂದಳು ಪಾಪಕ್ಕ. ದ್ರಾಕ್ಷಾಯಣಮ್ಮ ಅದಕ್ಕೆ ಒಪ್ಪಲಿಲ್ಲ. ತಮ್ಮನನ್ನು ನೋಡಿ ಬತ್ತೀನಿ ಅಂತ ನೆವ ಹೇಳಿ, ಮಗುವನ್ನು ಸೊಂಟಕ್ಕೆ ಏರಿಸಿ ಹಿಂದೂಪುರದ ಬಸ್ಸು ಹತ್ತಿದಳು.

ಅಲ್ಲಿ ತಮ್ಮ ಈರಲಿಂಗಪ್ಪನಿಗೆ ಹುಣಿಸೆಹಣ್ಣಿನ ಮಂಡಿ. ಅವನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ರೆಪ್ಪೆ ಎತ್ತಿ ನೋಡಿದರು.

"ಇದು ಇರುಳುಗಣ್ಣು. ಕರೀಗುಡ್ಡೆ ಒಣಗ್ತಾ ಐತೆ. ಮೆತ್ತಗಾಗಿ ಒಡೆದರೆ ನಾನೇನೂ ಮಾಡೋಕಾಗಲ್ಲ. ಆಲಸ್ಯಮೈತೇ ಚೂಪು ಪೋತುಂದಮ್ಮಾ."

ತಡಮಾಡಿದರೆ ದೃಷ್ಟಿ ಹೋಗುತ್ತೆ ಅಂತ ಅವಳಿಗೆ ಎರಡು ಭಾಷೆಯಲ್ಲೂ ತಿಳಿಯಿತು.

"ಪಥ್ಯ ಬಿಡಿಸಿ. ನುಗ್ಗೆಸೊಪ್ಪು, ಪರಂಗಿಹಣ್ಣು ದಿನಾ ಕೊಡಿ. ಆದ್ರೆ ಈಗ ಅದೊಂದನ್ನೇ ನಂಬಿದ್ರೆ ಆಗಲ್ಲ, ಮೊದಲು ಇದು" ಅಂತ ಶೀಷೆ ಕೊಟ್ಟರು. ಮದ್ರಾಸಿಂದ ಬಂದ ಮೀನೆಣ್ಣೆ. ಬಿರಡೆ ತೆಗೆದದ್ದೇ ತಡ, ಅವಳು ಬಾಗಿಲಾಚೆ ಓಡಿ ಕಾರಿಕೊಂಡಳು.

"ಅಕ್ಕಾ, ನನ್ನ ಮಂಡಿ ಹುಣಿಸೆಹಣ್ಣು ಪೂರಾ ಹಾಕಿ ಉಜ್ಜಿದ್ರೂ ಈ ನಾತ ಹೋಗಲ್ಲ ಬಿಡು" ಅಂತ ನಕ್ಕ ಈರಲಿಂಗಪ್ಪ. ಅವಳಿಗೆ ನಗು ಬರಲಿಲ್ಲ.

ಮಾತು ಉಳಿಸಿಕೊಳ್ಳಬೇಕು, ಕಣ್ಣೂ ಉಳಿಯಬೇಕು. ಕಲ್ಯಾಣದುರ್ಗಕ್ಕೆ ಮರಳಿ ಶೀಷೆಯನ್ನು ಪಕ್ಕದ ಮನೆ ಆದಿಲಕ್ಷ್ಮಮ್ಮನ ಕೈಗಿತ್ತಳು. "ಇಟ್ಟೋಗಮ್ಮ. ಕೋಳಿ ಕುಯ್ಯೋ ಮನೆಗೆ ಮೀನೆಣ್ಣೆ ಒಂದು ಭಾರವಾ?" ಅಂದಳು ಆ ಪುಣ್ಯಾತ್ಗಿತ್ತಿ. ದಿನಾ ಅವರ ಹಿತ್ತಲಲ್ಲಿ ಒಂದು ಚಮಚ, ಮೇಲೆ ಬೆಲ್ಲ, ಹುಣಿಸೆಹಣ್ಣಿನ ನೀರಲ್ಲಿ ಬಾಯಿ ತೊಳೆದು ಮನೆಗೆ.

ವಾರ ಕಳೆಯುವುದರೊಳಗೆ ಮರುಳಸಿದ್ದಪ್ಪ ಮಗಳನ್ನು ಎತ್ತಿಕೊಂಡವನು ಹಾಗೇ ಕೆಳಗಿಳಿಸಿಬಿಟ್ಟ.

"ಇದರ ಬಾಯಿ ನಾರ್ತೈತೆ. ಏನೇ ತಿನ್ನಿಸ್ದೆ?"

ಅವಳು ಮುಚ್ಚಿಡಲಿಲ್ಲ.

"ಥೂ! ನಮ್ಮವ್ವನ ಲಿಂಗ ಮುಟ್ಟಿದ ಕೈ ಕಣೇ ಅದು! ಇನ್ನು ಆ ಮನೆ ಬಾಗಿಲು ತುಳಿದ್ರೆ ನೋಡು. ಪಾಪಕ್ಕತ್ತೆ ಹೇಳಿದ್ದೇ ಮಾಡಾನ." ಹೊರಗೆ ಹೋದವನು ಮುತ್ತುಗದೆಲೆ ಮಡಚಿಕೊಂಡು ಬಂದ. "ಹಸೀದೇ ಸಿಕ್ತು" ಅಂದ, ಮಲ್ಲಿಗೆ ತಂದವನ ಹಾಗೆ.

ಪಾರಿವಾಳದ ಹಿಕ್ಕೆ. ಅವನ ಉಗುರಿನ ಸಂದಿಯಲ್ಲೂ ಬೆಳ್ಳಗೆ, ಹಸುರಗೆ ಮೆತ್ತಿತ್ತು. ಅದೇ ಬೆರಳಲ್ಲಿ ಮಗುವಿನ ಕಡೆ ತಿರುಗಿ ತನ್ನ ಮೂಗು ಹಿಡಿದುಕೊಂಡಿದ್ದ.

ಎಣ್ಣೆಯ ನಾತಕ್ಕೆ ಎಷ್ಟೋ ಸಲ ಓಕರಿಸಿದ್ದಳು ದ್ರಾಕ್ಷಾಯಣಮ್ಮ. ಅದು ಹೊಟ್ಟೆಯ ಹೇಸಿಗೆ, ನೀರು ಕುಡಿದರೆ ಹೋಗುತ್ತಿತ್ತು. ಆ ಬೆರಳು ಕಂಡಾಗ ಹುಟ್ಟಿದ್ದು ಬೇರೆ. ಅವನ ಪಕ್ಕದಲ್ಲಿ ಕೂತು ಉಂಡದ್ದೆಲ್ಲ ಬಾಯಿಗೆ ಬಂದಂತಾಯಿತು.

ಎಲೆಯನ್ನು ಕಿತ್ತುಕೊಂಡು ತಿಪ್ಪೆಗೆಸೆದಳು. ನೆಟ್ಟಗೆ ಆದಿಲಕ್ಷ್ಮಮ್ಮನ ಮನೆಗೆ ನಡೆದು ಶೀಷೆ ತಂದು, ಹೊಸಿಲು ದಾಟಿ, ಅತ್ತೆಯ ವಿಭೂತಿ ಗಟ್ಟಿ ಇದ್ದ ಗೋಡೆಗೂಡಿನಲ್ಲೇ ಇಟ್ಟಳು.

"ಎಸೀತೀರಾದ್ರೆ ಎಸೀರಿ. ಆಮೇಲೆ ಇವಳ ಕೈ ಹಿಡ್ಕೊಂಡು ಹಿತ್ತಲಿಗೆ ದಿನಾ ನೀವೇ ಕರ್ಕೊಂಡೋಗ್ಬೇಕು, ಇವಳು ಮುದುಕಿ ಆಗೋಗಂಟ."

"ನರಕಕ್ಕೆ ಹೋಯ್ತೀಯಾ ಕಣೇ" ಅಂದಳು ಪಾಪಕ್ಕ.

"ಕಣ್ಣು ಕಾಣೋ ಮಗಳು ದಾರಿ ತೋರಿಸ್ತಾಳೆ ಬಿಡಿ."

ಮರುಳಸಿದ್ದಪ್ಪ ಎಸೆಯಲಿಲ್ಲ. ಚಾಪೆ ಸುತ್ತಿಕೊಂಡು ಜಗುಲಿಗೆ ಹೋದ. ಪಾಪಕ್ಕ ಬೇರೆ ಒಲೆ ಹೂಡಿದಳು. ಮನೆ ನಾರಿತು. ಕೌದಿ, ಬೆಲ್ಲದ ಡಬ್ಬಿ, ಮಗುವಿನ ತಲೆಗೂದಲು, ಎಲ್ಲ ನಾರಿತು. ದ್ರಾಕ್ಷಾಯಣಮ್ಮ ಚಮಚ ಹಿಡಿದಾಗಲೆಲ್ಲ ಉಸಿರು ಕಟ್ಟಿ ಹಿಡಿದಳು, ನುಗ್ಗೆಸೊಪ್ಪು ಬೇಯಿಸಿದಳು, ಬಿಡಲಿಲ್ಲ.

ಒಂದು ಸಂಜೆ, ದೀಪ ಇನ್ನೂ ಹಚ್ಚಿರಲಿಲ್ಲ. ಚಮಚ ಬಾಯಿ ಹತ್ತಿರ ಹೋಗುವಾಗ ಚನ್ನಿ ಮುಖ ತಿರುಗಿಸಿ ಬಾಗಿಲ ಕಡೆ ನೋಡಿತು. ಅಲ್ಲಿ ಮಬ್ಬುಗತ್ತಲಲ್ಲಿ ಮರುಳಸಿದ್ದಪ್ಪ ಹೆಗಲ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡು ಸದ್ದಿಲ್ಲದೆ ನಿಂತಿದ್ದ.

"ಅವ್ವಾ, ಅಪ್ಪಯ್ಯ ಯಾಕೆ ಮೂಗು ಮುಚ್ಕಂಡವ್ನೆ?"

ಅವನು ವಲ್ಲಿ ತೆಗೆಯಲಿಲ್ಲ. ಅವಳೂ ಅವನತ್ತ ನೋಡಲಿಲ್ಲ, ಎಣ್ಣೆ ಕುಡಿಸಿದಳು.

ಗುರುಶಾಂತಮ್ಮನಿಗೆ ಕೊಟ್ಟ ಮಾತನ್ನು ಸೊಸೆ ಆ ಸಂಜೆಯೂ ಮುರಿದಳು.