ಕಡೆಯ ಹಾಳೆ

ಸಾತಪ್ಪ ತೀರಿಹೋದ ಅಣ್ಣ ಗೂಳಪ್ಪನ ಉಗುರುಗಳನ್ನು ತೆಂಗಿನ ನಾರಿನಿಂದ ತಿಕ್ಕುತ್ತಲೇ ಇದ್ದ. ಎರಡು ಕೊಡ ಬಿಸಿನೀರು ಸುರಿದರೂ ಬೆರಳ ಸಂದಿನ ಕಂದು ಅಂಟು ಬಿಡಲಿಲ್ಲ.

"ಸಾಕು ಬಿಡೊ," ಎಂದ ಮೂರನೆಯ ಕೊಡ ತಂದ ಮಜೀದ. "ಐದು ವರ್ಷ ಪುಸ್ತಕದ ತೊಗಲು ಸುಲದ ಕೈ ಅದು. ತಿಕ್ಕಿದರ ಹೋಗತೈತೇನು?"

ದಾಂಡೇಲಿಯ ಕಾಗದದ ಗಿರಣಿಯ ರದ್ದಿ ಗೋದಾಮಿನಲ್ಲಿ ಗೂಳಪ್ಪ, ಮಜೀದ ಜೋಡಿ ಆಳುಗಳು. ಲಾರಿಯಲ್ಲಿ ಬಂದ ಹಳೆಯ ಪುಸ್ತಕಗಳ ರಟ್ಟು ಕಿತ್ತು ಬೆಂಕಿಗೆ ಹಾಕಿ, ಹಾಳೆಗಳನ್ನು ಅರೆಯುವ ಯಂತ್ರಕ್ಕೆ ಕೊಡುವುದು ಅವರ ಕೆಲಸ. ಮೂರೇ ದಿನದ ಜ್ವರಕ್ಕೆ ಗೂಳಪ್ಪ ಹೋಗಿಬಿಟ್ಟಿದ್ದ.

ಗಿರಣಿಯ ಗುಮಾಸ್ತ ಲಗಮಪ್ಪ ಅಂಗಳದ ಬೇಲಿಯ ಹತ್ತಿರವೇ ನಿಂತ. ಗೂಳಪ್ಪನ ಹೆಂಡತಿ ಮಾಲವ್ವ ಆ ಕತೆಯ ಮಾತು ತೆಗೆದರೆ ಏನು ಹೇಳುವುದು?

*

ಎರಡು ವರ್ಷದ ಹಿಂದೆ, ೧೯೬೨ರಲ್ಲಿ, ಗೂಳಪ್ಪ ಅಂಗಿಯೊಳಗೆ ರಟ್ಟಿಲ್ಲದ ಪುಸ್ತಕವೊಂದನ್ನು ಮುಚ್ಚಿಕೊಂಡು ಲಗಮಪ್ಪನ ಮನೆಗೆ ಬಂದಿದ್ದ.

"ಸಾಹೇಬ್ರ, ನಾ ಓದೂ ಪುಸ್ತಕಕ್ಕ ಹೆಸರಿರಾಂಗಿಲ್ರಿ. ಬರೀ ಮೈ. ಪದ್ಯ ಆದ್ರ ಚಿಂತಿಲ್ಲ, ಯಾವ ಹಾಳಿ ಸಿಕ್ಕರೂ ಹೊಟ್ಟಿ ತುಂಬತೈತಿ. ಕತಿಗೆ ಮಾತ್ರ ಕಡೀ ಹಾಳಿ ಬೇಕ್ರಿ."

ಅದು ಇಂಗ್ಲೆಂಡಿನ ಬಹಳ ಹಳೆಯ ಕತೆಗಳನ್ನು ಕನ್ನಡದಲ್ಲಿ ತಿರುಗಿ ಹೇಳಿದ ಪುಸ್ತಕ. ಕೊನೆಯ ಕತೆಯಲ್ಲಿ ಮುದಿ ರಾಜನೊಬ್ಬ ಒಬ್ಬನೇ ದೋಣಿ ಹತ್ತಿ ಶತ್ರುವಿನ ದ್ವೀಪಕ್ಕೆ ಹೊರಡುತ್ತಾನೆ. ದಂಡೆಯಲ್ಲಿ ಗೆಳೆಯ ದೀವಟಿಗೆ ಹಿಡಿದು ಕಾಯುತ್ತಾನೆ. ಅಲ್ಲಿಗೆ ಪುಟ ಮುಗಿದಿತ್ತು.

"ಮುಂದಿನ ನಾಕು ಹಾಳಿ ರಟ್ಟಿಗೆ ಅಂಟಿದ್ವು. ನಾನ ಕಿತ್ತು ಬೆಂಕಿಗೆ ಒಗದಿನ್ರಿ. ಆಮ್ಯಾಲ ಓದಾಕ ಹಿಡದೆ. ನೀವು ಬಿ.ಎ. ಮಾಡಿದವ್ರು, ಓದಿರಬೇಕಲ್ರಿ?"

"ಓದೇನಿ," ಎಂದಿದ್ದ ಲಗಮಪ್ಪ.

ಆ ಕಾಲದ ಇಂಗ್ಲಿಷ್ ಸಾಹಿತ್ಯದ ಬಗ್ಗೆ ಅವನು ಪರೀಕ್ಷೆಗಾಗಿ ಎಂಟು ಸಾಲು ಉರುಹೊಡೆದಿದ್ದ, ಅಷ್ಟೆ.

"ಹಂಗಾದ್ರ ರಾಜ ತಿರುಗಿ ಬಂದನೇನ್ರಿ?"

ಲಗಮಪ್ಪ ಸುಮ್ಮನೆ ನಕ್ಕಿದ್ದ. ಆಮೇಲೆ ಗೂಳಪ್ಪ ಕೇಳಿದಾಗಲೆಲ್ಲ ಅದೇ ನಗು, ಅದೇ ಮೌನ. ಈ ನಡುವೆ ಮೂರು ಸಲ ಧಾರವಾಡಕ್ಕೆ ಹೋಗಿಬಂದ; ಗ್ರಂಥಾಲಯದ ಕಡೆ ಕಾಲು ಹಾಕಲಿಲ್ಲ. ಬರಬರುತ್ತ ಗೂಳಪ್ಪ ಕೇಳುವುದನ್ನೇ ಬಿಟ್ಟ. ಪೀಡೆ ಕಳೆಯಿತೆಂದು ಲಗಮಪ್ಪನಿಗೆ ಹಗುರಾಗಿತ್ತು.

*

ಕಾಳಿ ಹೊಳೆಯ ದಂಡೆಯಲ್ಲಿ ಗೂಳಪ್ಪನನ್ನು ಸಮಾಧಿಯ ಕುಣಿಯಲ್ಲಿ ಕೂರಿಸಿದರು. ಹಣೆತುಂಬ ವಿಭೂತಿ, ತೊಡೆಯ ಮೇಲೆ ಅದೇ ಕಂದು ಬೆರಳು. ಲಗಮಪ್ಪ ಬಿಲ್ವಪತ್ರೆ ಹಾಕಿ, ಹಿಡಿ ಮಣ್ಣು ಬಿಟ್ಟು ಹಿಂದೆ ಸರಿದ.

"ಗೋದಾಮಿನ್ಯಾಗ ಊಟಕ್ಕ ಕುಂತಾಗ ದಿನಾ ಒಂದು ಕತಿ ಹೇಳ್ತಿದ್ದ," ಎಂದ ಮಜೀದ ಕಣ್ಣೊರೆಸಿಕೊಳ್ಳುತ್ತ. "ಆ ರಾಜಂದು ಬಂತಂದ್ರ ಅರ್ಧಕ್ಕ ನಿಲ್ಲಸ್ತಿದ್ದ. 'ಅರೇ ಭಾಯ್, ರಾಜ ಬಂದನೋ ಇಲ್ಲೋ' ಅಂದ್ರ, 'ಬಂದಿರಾಂಗಿಲ್ಲ ಮಜೀದ' ಅಂತಿದ್ದ. 'ಬಂದಿದ್ರ ಲಗಮಪ್ಪ ಸಾಹೇಬ್ರು ಅವತ್ತ ಹೇಳ್ತಿದ್ರು. ನನ್ನ ಮನಸ್ಸು ನೋಯಬಾರದಂತ ಬಾಯಿ ಬಿಡವಲ್ರು. ಭಾಳ ದೊಡ್ಡ ಮನಷ್ಯಾ' ಅಂತಿದ್ದ."

ಮಾಲವ್ವ ಲಗಮಪ್ಪನ ಎದುರಿಗೆ ಬಂದು ನಿಂತಳು.

"ನಾ ಆ ಪುಸ್ತಕ ಓದಿಲ್ಲ, ಮಾಲವ್ವ," ಎಂದ ಅವನು. "ಸುಳ್ಳು ಹೇಳಿದ್ದೆ. ರಾಜಂದು ಏನಾತು ನನಗ ಗೊತ್ತಿಲ್ಲ."

ಮಾಲವ್ವ ಅವನನ್ನೇ ನೋಡಿದಳು. ಅವಳ ಮುಖ ಮೆತ್ತಗಾಯಿತು.

"ಇರ್ಲಿ ಬಿಡ್ರಿ. ರಾಜ ಬರಲಿಲ್ಲಂತ ಇಂಥಾ ದಿನ ಹೇಳೂದಲ್ಲಂತ ನನಗೂ ತಿಳೀತೈತಿ."

"ಹಂಗಲ್ಲ, ಖರೇನ..."

"ನೀವು ಹೇಳಾಂಗಿಲ್ಲಂತ ಅವರಿಗೆ ಗೊತ್ತಿತ್ರಿ. ಬಾಯಿಲೆ ಹೇಳಾಕ ಆಗದಿದ್ರ ಬರದರ ಕೊಡ್ತಾರ ಅಂತಿದ್ರು." ಸೆರಗಿನೊಳಗಿಂದ ಪುಸ್ತಕ ತೆಗೆದು ಅವನ ಕೈಗಿಟ್ಟಳು. "ಅದಕ್ಕಂತ ಹಾಳಿ ಹೊಲದಿಟ್ಟಾರ, ನೋಡ್ರಿ."

ಜನ ಹೊಳೆಯ ಕಡೆ ಇಳಿದರು. ಲಗಮಪ್ಪ ಪುಸ್ತಕವನ್ನು ಹಿಂದಿನಿಂದ ತೆರೆದ. ಇನ್ನೂರಾ ಹನ್ನೆರಡನೆಯ ಪುಟದ ನಂತರ, ಗೋಣಿಚೀಲದ ದಾರದಲ್ಲಿ ಹೊಲಿದ ನಾಲ್ಕು ಬಿಳಿ ಹಾಳೆಗಳು. ಎಡಕ್ಕೆ ಗೆರೆ ಎಳೆದು ಅಂಚು ಬಿಟ್ಟಿತ್ತು. ಪ್ರತಿ ಪುಟದ ಅಡಿಯಲ್ಲಿ, ಪೆನ್ಸಿಲಿನಲ್ಲಿ, ಒತ್ತಿ ಬರೆದ ಅಂಕಿ: ೨೧೩, ೨೧೪, ೨೧೫... ಕೊನೆಯದು ೨೨೦.

ಮೊದಲ ಹಾಳೆಯ ಮೇಲೆ ಲಗಮಪ್ಪನ ಹೆಬ್ಬೆರಳಿನ ಮಣ್ಣು ಮೂಡಿತ್ತು. ಒರೆಸಹೋದ, ಹಾಳೆಯ ತುಂಬ ಹರಡಿತು.