ಸ್ಯಾಟಿನ್ ಮುಟ್ಟುವ ಕೈ

ಸಿಟ್ಟು ಬಂದರೆ ನನ್ನ ಕಿವಿ ಮುಚ್ಚಿಕೊಳ್ಳುತ್ತದೆ, ಬಾಯಿ ಮಾತ್ರ ಮುಚ್ಚುವುದಿಲ್ಲ. ಅವತ್ತು ಆದದ್ದೂ ಅದೇ.

ಅಮ್ಮ ಹದಿನೆಂಟು ವರ್ಷದಿಂದ ಒಂದೇ ಹೊಲಿಗೆ ಅಂಗಡಿಯಲ್ಲಿದ್ದಾಳೆ. ಮದುವೆ ಉಡುಪುಗಳ ಸ್ಯಾಟಿನ್ ಅಂಚನ್ನು ಕೈಯಲ್ಲೇ ಮಡಚಿ ಹೊಲಿಯುವುದು ಅವಳ ಕೆಲಸ. ಹೊಲಿಗೆ ಎಲ್ಲಿದೆ ಅಂತ ಭೂತಗನ್ನಡಿ ಹಿಡಿದರೂ ಕಾಣದು. ಈ ವರ್ಷ ಅವಳ ಮೈಕೈಯೆಲ್ಲ ಒಣಗಿ ತುಕ್ಕು ಉಜ್ಜುವ ಎಮರಿ ಪೇಪರಿನ ಹಾಗಾಯಿತು. ಬೆರಳು ತಾಗಿದರೆ ಸ್ಯಾಟಿನ್‌ನ ಎಳೆ ಕಿತ್ತು ಬರುತ್ತಿತ್ತು.

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಗ್ಯಾರೇಜು ಸೇರಿದವನು. ಗೊತ್ತಿದ್ದ ವಿದ್ಯೆಯನ್ನೇ ಹೇಳಿಕೊಟ್ಟೆ. ಬೇರಿಂಗಿಗೆ ಗ್ರೀಸ್ ಹಾಕುವ ಮುಂಚೆ ನೀರಿನ ಪಸೆ ಇರಬಾರದು. ನೀನೂ ಸುಡುಸುಡು ನೀರಲ್ಲಿ ಸೋಪು ಹಾಕಿ ತಿಕ್ಕು, ಟವಲಿನಲ್ಲಿ ಗಸಗಸ ಒರೆಸು, ಪೂರ್ತಿ ಒಣಗಿದ ಮೇಲೆ ಕ್ರೀಮ್ ಹಚ್ಚು ಅಂದೆ. ಪಾಪ, ಎರಡು ತಿಂಗಳು ಹಾಗೇ ಮಾಡಿದಳು. ಕೈ ಇನ್ನಷ್ಟು ಬಿರಿಯಿತು.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ, ಓನರ್ ತನಗೆ ಗುಂಡಿ ಹಚ್ಚುವ ಕೆಲಸ ಕೊಟ್ಟಿದ್ದಾರೆ, ಸ್ಯಾಟಿನ್ ಇನ್ನು ಬೇರೆಯವರಿಗೆ ಅಂದಳು. ಯಾಕೆ ಅಂತ ಕೇಳಿದೆ. ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು, "ಮುಟ್ಟು ನಿಲ್ತಾ ಇದೆ ಕಣೋ, ಅದಕ್ಕೇ."

ನನ್ನ ತಲೆಯಲ್ಲಿ ತುಂಬಿದ್ದದ್ದು ಸ್ಯಾಟಿನ್ ಒಂದೇ. ಅದನ್ನು ಮುಟ್ಟಬೇಡ ಅಂತ ಓನರ್ ಹೇಳಿದ್ದಾನೆ ಅಂದುಕೊಂಡೆ. ರಕ್ತ ಕುದಿಯಿತು. ಮಧ್ಯಾಹ್ನ ಸ್ಪ್ಯಾನರ್ ಬಿಸಾಕಿ ನೇರ ಅಂಗಡಿಗೆ ನುಗ್ಗಿದೆ.

"ನಮ್ಮಮ್ಮನ ಮುಟ್ಟು ನಿಲ್ಲಿಸೋಕೆ ನೀವ್ಯಾರ್ರೀ?"

ಆರು ಮಿಷನ್ನುಗಳು ಒಟ್ಟಿಗೆ ನಿಂತವು. ಓನರ್ ಕೊರಳಿನ ಟೇಪು ಜಾರಿ ಕೆಳಗೆ ಬಿತ್ತು.

"ನಾನೇನೂ ಮಾಡಿಲ್ಲಪ್ಪ," ಅಂದರು.

ಅಮ್ಮ ಕೈಯಲ್ಲಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಬಟ್ಟೆ ಕತ್ತರಿಸುವ ಹಿರಿಯಾಕೆ, ಎಲ್ಲರೂ ಕತ್ತರಿಯಕ್ಕ ಅನ್ನುವವಳು, ಕಣ್ಣೊರೆಸಿಕೊಂಡು ಎದ್ದು ಬಂದಳು. "ಅದನ್ನ ನಿಲ್ಲಿಸೋದು ಓನರಲ್ಲ ಕಣಪ್ಪಾ, ವಯಸ್ಸು."

ಆಗ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಟ್ಟು ನಿಲ್ಲುವ ಕಾಲಕ್ಕೆ ಚರ್ಮ ತನ್ನ ಪಸೆಯನ್ನು ಹಿಡಿದಿಟ್ಟುಕೊಳ್ಳಲಾರದು, ತನಗೂ ಹಾಗೇ ಆಗಿತ್ತು, ಚರ್ಮದ ಡಾಕ್ಟರ್ ದಾರಿ ತೋರಿಸಿದರು ಅಂದಳು ಕತ್ತರಿಯಕ್ಕ. ಆಮೇಲೆ ಅಮ್ಮ ಏನು ಮಾಡುತ್ತಿದ್ದಾಳೆ ಅಂತ ಕೇಳಿ ತಲೆ ಚಚ್ಚಿಕೊಂಡಳು. ಯಾವ ಪುಣ್ಯಾತ್ಮ ಹೇಳಿಕೊಟ್ಟ ವಿದ್ಯೆ ಇದು ಅಂದಳು. ಅಮ್ಮ ಸೂಜಿಯಿಂದ ನನ್ನನ್ನು ತೋರಿಸಿ, ಬೇರಿಂಗಿನ ಕಥೆ ಹೇಳಿದಳು.

"ನಿಮ್ಮಮ್ಮ ಬೇರಿಂಗಲ್ಲ. ಚರ್ಮಕ್ಕೆ ನೀರೇ ಬೇಕು. ಕ್ರೀಮು ಆ ನೀರಿಗೆ ಮುಚ್ಚಳ, ಅಷ್ಟೇ."

ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ, ಸೌಮ್ಯವಾದ ಸೋಪು. ಟವಲನ್ನು ಮೆಲ್ಲಗೆ ಒತ್ತಿ, ಮೈ ಇನ್ನೂ ಹಸಿಯಾಗಿರುವಾಗಲೇ ವಾಸನೆಯಿಲ್ಲದ ಗಟ್ಟಿ ಕ್ರೀಮು. ಮಲಗುವಾಗ ಕೈಗೆ ಹತ್ತಿಯ ಗ್ಲೌಸು. ನನಗೆ ಮತ್ತೆ ಸಿಟ್ಟು ಬಂತು, ಈ ಸಲ ಊರಿನ ಮೇಲೆ. ಗಾಡಿಗೆ ಯಾವಾಗ ಆಯಿಲ್ ಬದಲಿಸಬೇಕು ಅಂತ ಬರೆದು ಅಂಟಿಸುತ್ತಾರೆ. ಅಮ್ಮಂದಿರ ಮೈಗೆ ಏನಾಗುತ್ತದೆ ಅಂತ ಒಬ್ಬರೂ ಬಾಯಿ ಬಿಡುವುದಿಲ್ಲ.

ಓನರ್ ಮೂರು ವಾರ ಕಾಯುತ್ತೇನೆ ಅಂದರು. ಆಮೇಲೂ ಎಳೆ ಎದ್ದರೆ ಗುಂಡಿಯೇ ಗತಿ.

ಗ್ಲೌಸು ನಾನೇ ತಂದೆ. ಅದನ್ನು ತೊಟ್ಟು ಮಲಗುವ ಅಮ್ಮನನ್ನು ಟ್ರಾಫಿಕ್ ಪೊಲೀಸ್ ಅಂತ ರೇಗಿಸಿದೆ. ನಿನ್ನ ಬಾಯಿಗೇ ಮೊದಲು ರೆಡ್ ಸಿಗ್ನಲ್ ಹಾಕಬೇಕು ಅಂದಳು.

ಮೂರನೇ ವಾರದ ಕೊನೆಗೆ ಓನರ್ ಮೇಜಿನ ಮೇಲೆ ಬಿಳಿ ಸ್ಯಾಟಿನ್ ತುಂಡು ಹಾಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಅಂಗೈ ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದಳು. ಒಂದು ಎಳೆಯೂ ಏಳಲಿಲ್ಲ. ಗುಂಡಿ ಡಬ್ಬಿಯನ್ನು ಓನರ್ ಮುಂದೆ ಸರಿಸಿ, ಸೂಜಿಗೆ ದಾರ ಪೋಣಿಸಿದಳು.

ಖುಷಿಗೆ ನಾನೂ ಒಮ್ಮೆ ಸವರೋಣ ಅಂತ ಗ್ರೀಸು ಮೆತ್ತಿದ ಕೈ ಚಾಚಿದೆ.

"ಮುಟ್ಟಬೇಡ," ಅಂದಳು ಅಮ್ಮ.

ಆರು ಮಿಷನ್ನುಗಳು ಮತ್ತೆ ನಿಂತವು.